ಪಟ್ಟಿಯಲ್ಲಿಲ್ಲದ ಬ್ಯಾಂಡು

ವಾಡಿ
೨೪ ಮೇ ೨೦೨೧

ದೇವಿಂದ್ರಪ್ಪನಿಗೆ ಅಮೀರ್ ಅಲಿಯ ಸಲಾಂ.

ಫೋನಿನಲ್ಲಿ ನಿನ್ನ ಜೊತೆ ಮಾತಾಡುವುದನ್ನು ಇವತ್ತಿಗೆ ಬಿಟ್ಟೆ. ಮೊನ್ನೆ ನಾನು "ಮನ್ಯಾಗ ಎಲ್ಲಾರೂ ಆರಾಮ ಇದ್ದೀರಿ?" ಎಂದು ಕೂಗಿದೆ. ನೀನು "ಇಲ್ಲರಿ, ಇನ್ನಾ ಬಿತ್ತಿಲ್ಲ" ಎಂದೆ. ನನ್ನ ಕೂಗಿಗೆ ಓಣಿಯ ಮಂದಿಯೆಲ್ಲ ಹೊರಗೆ ಬಂದು ನಿಂತರು, ನಿನ್ನ ಕಿವಿಗೆ ಮಾತ್ರ ಮುಟ್ಟಲಿಲ್ಲ. ಇಷ್ಟು ವರ್ಷ ಸೈಡ್ ಡ್ರಮ್ ಕಟ್ಟಿಕೊಂಡು ಬಾರಿಸಿದವನಿಗೆ ಅಲ್ಲಾಹ್ ಕಣ್ಣಾದರೂ ಚಲೋ ಇಟ್ಟಿದ್ದಾನೆ. ಅದಕ್ಕೇ ಪತ್ರ. ಓದು.

ಲಾಕ್‌ಡೌನಿನಲ್ಲಿ ಕೆಲಸ ಹೋದವರಿಗೆ ಸರ್ಕಾರ ಪರಿಹಾರ ಕೊಡುತ್ತದಂತೆ. ಮಗಳು ಅತೀಯಾ ಪೇಪರ್ ಹಿಡಿದು ಓದಿದಳು. ಆಟೋ ಓಡಿಸುವವರು, ಕಟ್ಟಡ ಕೆಲಸದವರು, ಕ್ಷೌರಿಕರು, ಮಡಿವಾಳರು, ಟೇಲರ್‌ಗಳು, ಹಮಾಲರು ಎಂದು ಒಂದೊಂದೇ ಹೆಸರು ಬರುತ್ತಿತ್ತು. ನಮ್ಮ ಸಿತಾರಾ ಬ್ಯಾಂಡಿನವರು ಯಾವ ಸಾಲಿನಲ್ಲೂ ಬರಲಿಲ್ಲ. ಕೊನೆಗೆ "ಕಲಾವಿದರು" ಎಂದಳು. "ನಿಲ್ಲು, ಅದು ನಾವೇ" ಎಂದೆ.

ನಿನ್ನ ಅತ್ತಿಗೆ ರಶೀದಾಬೇಗಂ ಅಕ್ಕಿ ಆರಿಸುತ್ತಿದ್ದವಳು ನಕ್ಕಳು. "ಮದುವಿ ಮುಂದ ಪೀಪಿ ಊದೋರು ಯಾವಾಗ ಕಲಾವಿದ್ರಾದ್ರಿ?"

"ನಿನ್ನ ನಿಕಾ ದಿನಾನೇ ಆಗೀನಿ" ಎಂದೆ.

ನಗುವುದು ನಗಲಿ. ಅರ್ಜಿ ಆನ್‌ಲೈನಿನಲ್ಲಿ ಹಾಕಬೇಕು. ಹಾಕುವವಳು ಅತೀಯಾ. ನಿನ್ನ ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಒಂದು ಫೋಟೋ ಕಳಿಸು. ಉಳಿದದ್ದು ನನಗೆ ಬಿಡು. ಎರಡು ಬೇಸಿಗೆಯ ಮದುವೆಗಳನ್ನು ಈ ರೋಗ ತಿಂದಿತು, ಮೂರನೆಯದನ್ನು ತಿನ್ನಲಿಕ್ಕೆ ನಾನು ಬಿಡುವುದಿಲ್ಲ. ನಾನಿಲ್ಲಿ ಖಾಲಿ ಕುಳಿತಿಲ್ಲ, ವ್ಯಾಪಾರ ನಡೆದಿದೆ. ಅನಸುಬಾಯಿ ಹೇಗಿದ್ದಾಳೆ? ಸಂಘಮಿತ್ರಾಳ ಓದು?

ನಿನ್ನ,
ಅಮೀರ್ ಅಲಿ


ಕೊಡ್ಲಿ ಅಂಚೆ
೧ ಜೂನ್ ೨೦೨೧

ಅಮೀರ್ ಭಾಯಿಗೆ ಜೈಭೀಮ.

ಪತ್ರ ಮುಟ್ಟಿತು. ಝೆರಾಕ್ಸ್ ಅಂಗಡಿ ಮುಚ್ಚಿದೆ. ಆದ್ದರಿಂದ ಮಗಳು ಎಲ್ಲ ಕಾಗದಗಳ ಫೋಟೋ ತೆಗೆದು ಅತೀಯಾಳ ಮೊಬೈಲಿಗೆ ಕಳಿಸಿದ್ದಾಳೆ. ಸರಿಯಾಗಿ ಮೂಡಿರದಿದ್ದರೆ ತಿಳಿಸಿರಿ.

ಇಲ್ಲಿ ನಾವು ಕ್ಷೇಮ. ಅನಸುಬಾಯಿಗೆ ಸ್ವಲ್ಪ ದಣಿವು, ಮತ್ತೇನಿಲ್ಲ. ನಾನು ಉದ್ಯೋಗ ಖಾತ್ರಿಯ ಕೆರೆ ಕೆಲಸಕ್ಕೆ ಹೋಗುತ್ತಿದ್ದೆ. ಈಗ ಕೆಲವು ದಿನಗಳಿಂದ ಹೋಗಿಲ್ಲ. ಡ್ರಮ್ಮಿನ ಚರ್ಮ ಸಡಿಲವಾಗದಂತೆ ವಾರಕ್ಕೊಮ್ಮೆ ಬಿಸಿಲಿಗಿಟ್ಟು ತಿರುಪು ಬಿಗಿಯುತ್ತೇನೆ. ಓಣಿಯ ಮಕ್ಕಳು ಬಂದು ಸುತ್ತ ನಿಲ್ಲುತ್ತಾರೆ. "ಮಾಮಾ, ಒಮ್ಮೆ ಬಾರಸ್ರಿ" ಎನ್ನುತ್ತಾರೆ. ಊರಲ್ಲಿ ಸಾವುಗಳಾಗಿವೆ. ಹೇಗೆ ಬಾರಿಸಲಿ?

ನಿಮ್ಮ ವ್ಯಾಪಾರ ನಡೆದಿದೆ ಎಂದು ಓದಿ ಸಂತೋಷವಾಯಿತು. ಮದುವೆಗಳಿಲ್ಲದೆ ಬ್ಯಾಂಡಿನ ವ್ಯಾಪಾರ ಹೇಗೆ ನಡೆದಿದೆ ಎಂದು ಮಾತ್ರ ತಿಳಿಯಲಿಲ್ಲ.

ಇನ್ನೊಂದು ಮಾತು. ಅರ್ಜಿಯಲ್ಲಿ ನನ್ನ ಹೆಸರಿನ ಮುಂದೆ ಏನು ಬರೆಯುತ್ತೀರಿ ಎಂಬುದನ್ನು ಬರೆಯುವ ಮೊದಲು ನನಗೆ ತಿಳಿಸಿರಿ.

ನಿಮ್ಮ,
ದೇವಿಂದ್ರಪ್ಪ


ವಾಡಿ
೮ ಜೂನ್ ೨೦೨೧

ದೇವಿಂದ್ರಪ್ಪ,

ಸಿಹಿ ತಿನ್ನು! ಎಲ್ಲರ ಅರ್ಜಿ ಹೋಯಿತು.

ಸುಲಭಕ್ಕೆ ಹೋಗಲಿಲ್ಲ. ಕಂಪ್ಯೂಟರ್ "ಕಲೆಯ ಪ್ರಕಾರ ಆರಿಸಿ" ಎಂದು ಕೇಳಿತು. ಪಟ್ಟಿ ತೆರೆದರೆ ಡೊಳ್ಳು ಇದೆ, ಶಹನಾಯಿ ಇದೆ, ನಗಾರಿ ಇದೆ, ಹಲಗಿ ಇದೆ, ಗೊಂಬೆಯಾಟ ಇದೆ. ಬ್ಯಾಂಡು ಮಾತ್ರ ಇಲ್ಲ. ಈ ಜಿಲ್ಲೆಯಲ್ಲಿ ಬ್ಯಾಂಡಿಲ್ಲದೆ ಯಾರ ಮದುವೆ ಆಗಿದೆ ಹೇಳು! ಅತೀಯಾ "ಅಬ್ಬಾ, ಇದು ಆಗಂಗಿಲ್ಲ" ಎಂದಳು. ನಾನು ಒಂದು ಚಹಾ ಕುಡಿದು ವಿಚಾರ ಮಾಡಿದೆ. ನನ್ನದು ಕ್ಲಾರನೆಟ್, ಊದುವ ವಾದ್ಯ, ಆದ್ದರಿಂದ ನಾನು ಶಹನಾಯಿ. ಆಸಿಮ ದೊಡ್ಡ ಡ್ರಮ್ ಬಾರಿಸುತ್ತಾನೆ, ಅವನು ನಗಾರಿ. ನೀನು ಹಲಗಿ. ಹೀಗೆ ಒಬ್ಬೊಬ್ಬರನ್ನೂ ಒಂದೊಂದು ಮನೆಯೊಳಗೆ ಕೂರಿಸಿದೆ. ನಿನ್ನದು ಎಲ್ಲರಿಗಿಂತ ಮೊದಲು ಮಂಜೂರಾಗುತ್ತದಂತೆ, ಹಲಗಿ ವಾದಕರ ಅರ್ಜಿಗೆ ಹೆಚ್ಚು ಪ್ರಶ್ನೆ ಕೇಳುವುದಿಲ್ಲವಂತೆ.

ಬರೆಯುವ ಮೊದಲು ತಿಳಿಸು ಎಂದು ನೀನು ಹೇಳಿದ್ದೆ. ನಿನ್ನ ಉತ್ತರಕ್ಕೆ ಕಾದಿದ್ದರೆ ಗಡುವು ದಾಟಿ ಹೋಗುತ್ತಿತ್ತು. ಕೆಲಸ ಆಯಿತಲ್ಲ, ಇನ್ನು ಕಾಲು ಚಾಚಿ ಮಲಗು.

ಅಮೀರ್ ಅಲಿ


ಕೊಡ್ಲಿ ಅಂಚೆ
೧೪ ಜೂನ್ ೨೦೨೧

ಅಮೀರ್ ಅಲಿಯವರಿಗೆ,

ಆ ಅರ್ಜಿಯಿಂದ ನನ್ನ ಹೆಸರು ತೆಗೆಯಿಸಿರಿ. ನನಗೆ ಆ ಪರಿಹಾರ ಬೇಡ.

ದೇವಿಂದ್ರಪ್ಪ

(ಹಿಂಬದಿಯಲ್ಲಿ)

ಕಾಕಾ, ನಾನು ಸಂಘಮಿತ್ರಾ. ಪತ್ರ ಅಂಚೆಗೆ ಹಾಕಲಿಕ್ಕೆ ಅಪ್ಪ ನನ್ನ ಕೈಗೆ ಕೊಟ್ಟರು. ಅವರಿಗೆ ಗೊತ್ತಿಲ್ಲದಂತೆ ಇದನ್ನು ಬರೆಯುತ್ತಿದ್ದೇನೆ. ಅವ್ವನಿಗೆ ಆದದ್ದು ದಣಿವಲ್ಲ, ಕೊರೊನಾ. ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ಆಕ್ಸಿಜನ್ ಮೇಲಿದ್ದಳು. ಈಗ ಮನೆಗೆ ಬಂದಿದ್ದಾಳೆ. ಆದರೆ ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಅವಳನ್ನು ಬಿಟ್ಟು ಅಪ್ಪ ಕೂಲಿಗೆ ಹೋಗುತ್ತಿಲ್ಲ. ಪರಿಹಾರ ಬೇಡ ಎನ್ನಬೇಡ ಎಂದು ನಾನು ಜಗಳ ಮಾಡಿದೆ. ಎರಡು ದಿನದಿಂದ ನನ್ನ ಜೊತೆಯೂ ಮಾತಿಲ್ಲ. ನೀವೇ ಹೇಳಿರಿ, ನಿಮ್ಮ ಮಾತು ಕೇಳುತ್ತಾರೆ.


ವಾಡಿ
೧೯ ಜೂನ್ ೨೦೨೧

ದೇವಿಂದ್ರಪ್ಪ,

ನಿನ್ನ ಮೇಲೆ ನನಗೆ ಸಿಟ್ಟು ಬಂದಿದೆ. ಮೊದಲು ಅದನ್ನೇ ಬರೆಯುತ್ತೇನೆ.

ಅನಸುಬಾಯಿ ಆಕ್ಸಿಜನ್ ಮೇಲಿದ್ದರೂ ನನಗೆ ದಣಿವು ಎಂದು ಬರೆದೆಯಲ್ಲ! ಹೇಗೆ ಗೊತ್ತಾಯಿತು ಎಂದು ಕೇಳಬೇಡ, ಗೊತ್ತಾಯಿತು. ನಿನ್ನ ಅತ್ತಿಗೆ ಒಂದು ದಿನ ಊಟ ಮಾಡಲಿಲ್ಲ. ಮನೆಯಲ್ಲಿ ಹೆಂಡತಿ ಅಷ್ಟು ನರಳಿರುವಾಗ ಬರುವ ದುಡ್ಡನ್ನು ಬೇಡ ಎನ್ನುವುದು ಯಾವ ದೊಡ್ಡಸ್ತಿಕೆ? ಸರ್ಕಾರದಿಂದ ತೆಗೆದುಕೊಳ್ಳಲು ನಾಚಿಕೆಯೇ? ಇದು ಭಿಕ್ಷೆಯಲ್ಲ, ದೇವಿಂದ್ರ. ಬಾಜಾ ನಿಲ್ಲಿಸಿರಿ ಎಂದು ಅವರೇ ಹೇಳಿದರು, ನಾವು ನಿಲ್ಲಿಸಿದೆವು. ಅದಕ್ಕೆ ಬದಲು ಇದು.

ನಾನೂ ನಿನಗೊಂದು ವಿಷಯ ಹೇಳಿರಲಿಲ್ಲ, ಈಗ ಹೇಳುತ್ತೇನೆ. ವ್ಯಾಪಾರ ನಡೆದಿದೆ ಎಂದು ಬರೆದಿದ್ದೆನಲ್ಲ, ಅದು ಬದನೆಕಾಯಿ ಟೊಮೆಟೊ ವ್ಯಾಪಾರ. ಮೆರವಣಿಗೆಯಲ್ಲಿ ಲೈಟು ಹೊತ್ತು ಮುಂದೆ ಹೋಗುತ್ತಿತ್ತಲ್ಲ ನಮ್ಮ ಗಾಡಿ, ಅದರ ಮೇಲೆ ತರಕಾರಿ ಇಟ್ಟು ಸ್ಟೇಷನ್ ರೋಡಿನಲ್ಲಿ ತಳ್ಳುತ್ತೇನೆ. ಬೀದಿ ವ್ಯಾಪಾರಿಗಳಿಗೆ ಬ್ಯಾಂಕಿನಿಂದ ಸಾಲ ಕೊಡಿಸುವ ಯೋಜನೆ ಇದೆ ಎಂದು ತಿಳಿಯಿತು. ಪುರಸಭೆಗೆ ಹೋಗಿ ತರಕಾರಿ ಮಾರುವವನೆಂದು ಹೆಸರು ಬರೆಸಿದೆ. ಸಾಲ ಸಿಕ್ಕಿತು, ತಕ್ಕಡಿ ಕೊಂಡೆ. ಸಿತಾರಾ ಬ್ಯಾಂಡಿನ ಮಾಸ್ತರ್ ತರಕಾರಿಯವನಾದ. ನನ್ನದೇನು ಹೋಯಿತು? ಕಾಗದದ ಮೇಲೆ ಏನು ಬರೆದರೇನು, ಕ್ಲಾರನೆಟ್ ಗೋಡೆಯ ಮೇಲೇ ಇದೆ.

ನೀನು ಹಲಗಿ ಎಂದು ಬರೆಸಿಕೋ. ಹೆಸರು ತೆಗೆಯಿಸುವುದಿಲ್ಲ. ಇವತ್ತು ಕಾಳಗಿ ಕಡೆ ಹೋಗುವ ಗೂಡ್ಸ್ ಗಾಡಿಯವನ ಕೈಯಲ್ಲಿ ಒಂದು ಚೀಲ ತರಕಾರಿ ಕಳಿಸಿದ್ದೇನೆ. ಅದನ್ನಾದರೂ ವಾಪಸು ಕಳಿಸಬೇಡ.

ಅಮೀರ್ ಅಲಿ


ವಾಡಿ
೩ ಜುಲೈ ೨೦೨೧

ದೇವಿಂದ್ರ,

ಉತ್ತರವಿಲ್ಲ. ತರಕಾರಿ ಮುಟ್ಟಿತು, ಅನಸುಬಾಯಿ ನುಗ್ಗೆಕಾಯಿ ಸಾರು ಉಂಡಳು ಎಂದು ಸಂಘಮಿತ್ರಾ ಫೋನಿನಲ್ಲಿ ಹೇಳಿದಳು. ನೀನು ಮಾತ್ರ ಒಂದು ಅಕ್ಷರ ಬರೆಯಲಿಲ್ಲ.

ರಶೀದಾಬೇಗಂ ನನ್ನ ಹಿಂದಿನ ಪತ್ರದ ಸಂಗತಿ ಕೇಳಿ, "ಅವ ಯಾಕ ಬ್ಯಾಡ ಅಂದಾನ ಅಂತ ನೀವು ಕೇಳೀರೇನು? ಬರೇ ನಿಮ್ಮದೇ ಊದ್ಲಿಕತ್ತೀರಿ" ಎಂದಳು. ನಿಜ, ಕೇಳಿರಲಿಲ್ಲ. ಈಗ ಕೇಳುತ್ತೇನೆ. ಯಾಕೆ ಬೇಡ?

ಅಮೀರ್ ಅಲಿ


ಕೊಡ್ಲಿ ಅಂಚೆ
೯ ಜುಲೈ ೨೦೨೧

ಅಮೀರ್ ಭಾಯಿಗೆ ಜೈಭೀಮ.

ಕೇಳಿದ್ದೀರಿ, ಬರೆಯುತ್ತೇನೆ. ಇಷ್ಟು ವರ್ಷ ನಿಮ್ಮ ಬೆನ್ನಿಗೆ ನಿಂತು ಬಾರಿಸಿದರೂ ಈ ಮಾತು ಹೇಳಿರಲಿಲ್ಲ. ನೀವು ಕೇಳಲಿಲ್ಲ, ನನಗೂ ಹೇಳುವ ಪ್ರಸಂಗ ಬರಲಿಲ್ಲ.

ನಮ್ಮ ಮನೆಯ ಬಾಗಿಲ ಪಕ್ಕದ ಗೂಟದಲ್ಲಿ ಹಲಗಿ ಇರುತ್ತಿತ್ತು. ದೊಡ್ಡ ಮನೆಯ ಆಳು ಓಣಿಯ ಬಾಯಿಗೆ ಬಂದು ನಿಂತು ಕೂಗುತ್ತಿದ್ದ. ಅಪ್ಪನ ಹೆಸರು ಹಿಡಿದು ಕೂಗುತ್ತಿರಲಿಲ್ಲ, "ಏ, ಹಲಗಿ ತಗೊಂಡ್ ಬಾ" ಎನ್ನುತ್ತಿದ್ದ. ಯಾರೋ ಸತ್ತರೆ, ಎಮ್ಮೆ ಕಳೆದರೆ, ಡಂಗುರ ಸಾರಬೇಕಾದರೆ ಅಪ್ಪ ಊಟದ ಮುಂದಿನಿಂದಲೂ ಎದ್ದು ಹೋಗಬೇಕು. ಕೂಲಿ ಎಂಬುದಿಲ್ಲ. ಕೊಟ್ಟರೆ ಜೋಳ, ಇಲ್ಲದಿದ್ದರೆ ಬೈಗುಳ.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ಅಪ್ಪನಿಗೆ ಜ್ವರ ಬಂದು ಎದ್ದು ನಿಲ್ಲಲಾಗಲಿಲ್ಲ. "ಹಂಗಾದ್ರ ಮಗನ್ನ ಕಳಸು" ಎಂದರು. ಹೋದೆ, ಬಾರಿಸಿದೆ. ನನ್ನ ಕೈ ಆಗಲೇ ಚಲೋ ಇತ್ತು. ಕಟ್ಟೆಯ ಮೇಲೆ ಕುಳಿತವರು "ಹುಡುಗ ಅಪ್ಪಗಿಂತ ಚಲೋ ಬಾರಸ್ತಾನ, ಇನ್ನ ಇವನ್ನೇ ಕರೀರಿ" ಎಂದು ನಕ್ಕರು. ಆ ಹೊಗಳಿಕೆಯನ್ನು ನಾನು ಸಂತೋಷದಿಂದ ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಗೋಡೆಗೆ ಮುಖ ತಿರುಗಿಸಿದ. ಜ್ವರ ಬಿಟ್ಟ ದಿನ ಹಲಗಿ ತೆಗೆದುಕೊಂಡು ಹೋಗಿ ದೊಡ್ಡ ಮನೆಯ ಕಟ್ಟೆಯ ಮೇಲಿಟ್ಟು, "ಇದು ನಿಮ್ಮದು, ಇಟಗೋರ್ರಿ. ನನ್ನ ಮಗ ಸಾಲಿಗಿ ಹೋಗ್ತಾನ" ಎಂದ. ಆ ವರ್ಷವೇ ನಾವು ಬೌದ್ಧ ಧಮ್ಮ ದೀಕ್ಷೆ ತೆಗೆದುಕೊಂಡೆವು. ಊರವರು ಹೊಲದ ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿದರು. ಗಿರಣಿಯಲ್ಲಿ ಹಿಟ್ಟು ಬೀಸಲಿಲ್ಲ. ಅಪ್ಪ ಜೋಳದ ಚೀಲ ಹೊತ್ತು ಕಾಳಗಿಗೆ ನಡೆದು ಹೋಗಿ ಬೀಸಿಕೊಂಡು ಬರುತ್ತಿದ್ದ.

ಸಂಘಮಿತ್ರಾ ಹೇಳುತ್ತಾಳೆ, "ಅಪ್ಪಾ, ಈಗ ಕಾಲ ಬ್ಯಾರೆ ಅದ. ಹುಡುಗ್ರು ಹಲಗಿ ಹಿಡದು ವೇದಿಕೆ ಮ್ಯಾಲ ಬಾರಸ್ತಾರ, ಹೋರಾಟದಾಗ ಬಾರಸ್ತಾರ. ಅದು ನಮ್ಮದೇ ಕಲೆ." ಅವಳ ಮಾತು ಖರೆ. ಆ ಹುಡುಗರು ಬಾರಿಸುವುದನ್ನು ನಾನು ಚಿಂಚೋಳಿಯಲ್ಲಿ ನಿಂತು ನೋಡಿದ್ದೇನೆ, ಕಾಲು ತಾವೇ ಕುಣಿದಿವೆ. ಅವರು ತಾವಾಗಿ ಎತ್ತಿಕೊಂಡರು, ಅದು ಕಲೆ. ನಮ್ಮಪ್ಪನಿಗೆ ಅದು ಹುಕುಂ ಆಗಿತ್ತು. ಅಪ್ಪ ಕಟ್ಟೆಯ ಮೇಲಿಟ್ಟು ಬಂದದ್ದನ್ನು ನಾನು ಸರ್ಕಾರದ ಕಾಗದದಲ್ಲಿ ಮತ್ತೆ ಹೊತ್ತುಕೊಳ್ಳಲಾರೆ.

ನೀವು ತರಕಾರಿಯವ ಎಂದು ಬರೆಸಿದಿರಿ. ಮದುವೆ ಸುರುವಾದರೆ ನಾಳೆಯೇ ಬಿಡುತ್ತೀರಿ. ನಿಮಗೆ ಬಿಡಲಿಕ್ಕೆ ಬರುತ್ತದೆ, ಭಾಯಿ.

ವಾಡಿಗೆ ಬಂದ ಹೊಸತರಲ್ಲಿ ನಾನು ಸ್ಟೇಷನ್ ಮುಂದಿನ ಹೋಟೆಲಿನಲ್ಲಿ ಕಪ್ಪು ತೊಳೆಯುತ್ತಿದ್ದೆ. ಎಣ್ಣೆ ಡಬ್ಬಿಯ ಮೇಲೆ ಬೆರಳಾಡಿಸುತ್ತಿದ್ದವನನ್ನು ನೋಡಿ ನೀವು ಡ್ರಮ್ ಕೊಡಿಸಿದಿರಿ. ಅದಕ್ಕೂ ಮೊದಲು ಒಂದು ಮಾತು ಕೇಳಿದಿರಿ: "ಒಂದು ಮದುವಿಗೆ ಎಷ್ಟು ತಗೋತೀ?" ನನ್ನ ಕೈಗೆ ಬೆಲೆ ಕೇಳಿದ ಮೊದಲನೆಯವರು ನೀವು. ಅದಕ್ಕೇ ನೀವೇ ಹಲಗಿ ಎಂದು ಬರೆಸಿದಾಗ ನನಗೆ ಎರಡು ಸಾಲಿಗಿಂತ ಹೆಚ್ಚು ಬರೆಯಲಿಕ್ಕೆ ಆಗಲಿಲ್ಲ.

ಪರಿಹಾರ ತೆಗೆದುಕೊಳ್ಳಲು ನನಗೆ ನಾಚಿಕೆಯಿಲ್ಲ. ಬೇಕಾಗಿದೆ. ಡ್ರಮ್ ಎಂದು ಬರೆದು ಕೊಡುವುದಾದರೆ ಸಾಲಿನಲ್ಲಿ ಮೊದಲು ನಿಂತು ತೆಗೆದುಕೊಳ್ಳುತ್ತೇನೆ. ಅನಸುಬಾಯಿಯ ವಿಷಯ ಮುಚ್ಚಿಟ್ಟದ್ದು ನನ್ನ ತಪ್ಪು. ಈಗ ಅವಳು ಅಂಗಳದವರೆಗೆ ನಡೆಯುತ್ತಾಳೆ.

ನಿಮ್ಮ,
ದೇವಿಂದ್ರಪ್ಪ


ವಾಡಿ
೧೬ ಜುಲೈ ೨೦೨೧

ದೇವಿಂದ್ರಪ್ಪನಿಗೆ ಸಲಾಂ.

ನಿನ್ನ ಪತ್ರವನ್ನು ಗಾಡಿಯ ಹತ್ತಿರ ನಿಂತೇ ಓದಿದೆ. ಗಿರಾಕಿಯೊಬ್ಬಳು "ಟೊಮೆಟೊ ಹ್ಯಾಂಗ?" ಎಂದು ಕೇಳುತ್ತಿದ್ದಳು. ನಾನು ಉತ್ತರ ಕೊಡದ್ದಕ್ಕೆ ಬೈದು ಹೋದಳು. ಆ ದಿನ ಮತ್ತೆ ಮಾರಲಿಲ್ಲ, ಮನೆಗೆ ಬಂದೆ. ಅತೀಯಾಳಿಗೆ ಓದಿ ತೋರಿಸಿದೆ. ನಿನಗೆ ಬೇಸರವಿಲ್ಲ ತಾನೆ?

ಮಾಫಿ ಕೇಳುವುದನ್ನು ಪತ್ರದಲ್ಲಿ ಕೇಳುವುದಿಲ್ಲ, ಎದುರಿಗೆ ಕೂತು ಕೇಳುತ್ತೇನೆ. ಕೆಲಸದ ಮಾತು ಬರೆಯುತ್ತೇನೆ.

ನಿನ್ನ ಹೆಸರಿನ ಮುಂದಿನ ಹಲಗಿ ತೆಗೆಯಿಸಲಿಕ್ಕೆ ಹೊರಟೆ. ಆಗ ನನ್ನ ಹೆಸರಿನ ಮುಂದಿನ ಶಹನಾಯಿಯೂ ಕಣ್ಣಿಗೆ ಬಿತ್ತು. ಹುಟ್ಟಿದಾಗಿನಿಂದ ಒಮ್ಮೆಯೂ ಶಹನಾಯಿ ಮುಟ್ಟಿದವನಲ್ಲ ನಾನು. ಇಲ್ಲಿರುವ ಬ್ಯಾಂಡಿನವರನ್ನೆಲ್ಲ ಕರೆಸಿ, "ಎಲ್ಲಾರದೂ ತೆಗೀಸಿ ಬ್ಯಾಂಡ್ ಅಂತ ಬರಸ್ತೀನಿ. ಸಿಗದೆ ಹೋದ್ರೂ ಹೋಗಬಹುದು. ಏನಂತೀರಿ?" ಎಂದೆ. ಮನೆಗಳಲ್ಲಿ ಕಷ್ಟವಿದೆ, ನಿನಗೆ ಗೊತ್ತು. ಆದರೂ ಆಸಿಮ ಹೇಳಿದ: "ಬರಸ್ರಿ ಉಸ್ತಾದ್. ನಗಾರಿ ಅಂತ ಬರಸಿ, ನಾಳೆ ಯಾರರ ನಗಾರಿ ಬಾರಸು ಅಂದ್ರ ಎಲ್ಲಿಂದ ತರ್ಲಿ?" ಎಲ್ಲರೂ ನಕ್ಕರು, ಒಪ್ಪಿದರು.

ಈ ಅರ್ಜಿಗಳನ್ನು ನೋಡುವ ಕಲಬುರಗಿಯ ಆಫೀಸಿಗೆ ಹೋದೆ. ಅಲ್ಲಿನ ಸಾಹೇಬರು ಒಳ್ಳೆಯ ಮನುಷ್ಯ. ತಿದ್ದುಪಡಿಗೆ ಇನ್ನೂ ಅವಕಾಶವಿದೆ. ಆದರೆ ಪಟ್ಟಿಯಲ್ಲಿಲ್ಲದ ವಾದ್ಯವಾದರೆ, ನುಡಿಸುತ್ತಿರುವುದಕ್ಕೆ ಪುರಾವೆ ಬೇಕಂತೆ. ಮುಖವೂ ವಾದ್ಯವೂ ಕೂಡಿಯೇ ಕಾಣಬೇಕು. ನಾನು ಎದೆಯುಬ್ಬಿಸಿ "ಸಾವಿರ ಮದುವಿ ಮಾಡೀವ್ರಿ" ಎಂದು ಬಂದೆ.

ಬಂದು ಹುಡುಕಿದರೆ ಏನೂ ಇಲ್ಲ! ವಾಡಿ, ಶಹಾಬಾದಿನಲ್ಲಿ ನಾವು ಬಾರಿಸಿದ ಮನೆಗಳಿಗೆಲ್ಲ ಹೋಗಿ ಆಲ್ಬಮ್ ತೆರೆಸಿದೆ. ಮದುಮಗನಿದ್ದಾನೆ, ಕುದುರೆಯಿದೆ, ಬೀಗರ ಕೂಲಿಂಗ್ ಗ್ಲಾಸ್ ಇದೆ. ನಾವಿಲ್ಲ. ಒಂದರಲ್ಲಿ ನಿನ್ನ ಮೊಣಕೈ ಇದೆ. ಇನ್ನೊಂದರಲ್ಲಿ ನನ್ನ ಟೋಪಿಯ ಗೊಂಡೆ. ವಿಡಿಯೋ ನೋಡಿದರೆ ನಮ್ಮ ಬಾಜಾ ಅಳಿಸಿ ಸಿನಿಮಾ ಹಾಡು ಕೂಡಿಸಿದ್ದಾರೆ. ಮಂದಿ ನಮ್ಮ ತಾಳಕ್ಕೆ ಕುಣಿಯುತ್ತಿದ್ದಾರೆ, ಹಾಡು ಬೇರೆಯೇ ಕೇಳುತ್ತದೆ.

ನಿನ್ನ ಕಡೆ ಹುಡುಕು. ಮುಖಕ್ಕೆ ಮಾಸ್ಕ್ ಕಟ್ಟು. ನಾವು ಹುಡುಕಿ ತೆಗೆಯುತ್ತೇವೆ, ನನಗೆ ಸಂಶಯವಿಲ್ಲ.

ಅಮೀರ್ ಅಲಿ


ಕೊಡ್ಲಿ ಅಂಚೆ
೨೬ ಜುಲೈ ೨೦೨೧

ಅಮೀರ್ ಭಾಯಿಗೆ ಜೈಭೀಮ.

ಅತೀಯಾಳಿಗೆ ಓದಿ ತೋರಿಸಿದ್ದಕ್ಕೆ ಬೇಸರವಿಲ್ಲ. ಎಲ್ಲರ ಹೆಸರಿನ ಮುಂದೆಯೂ ಬ್ಯಾಂಡ್ ಎಂದು ಬರೆಸುವುದನ್ನು ಓದಿ ಅನಸುಬಾಯಿ, "ನಿಮ್ಮೊಬ್ಬರ ಸಲುವಾಗಿ ಅಷ್ಟೂ ಮಂದಿದು ಹೋದ್ರ?" ಎಂದು ಹೆದರಿದಳು. ನಾನೂ ಹೆದರಿದೆ. ಹೆದರಿ ಕೂಡುವ ಬದಲು ಹುಡುಕಲು ಹೊರಟೆ. ಮಾತು ಕೇಳಿಸುವುದಿಲ್ಲವಲ್ಲ, ಸಂಘಮಿತ್ರಾಳನ್ನೂ ಕರೆದುಕೊಂಡೆ.

ಕಾಳಗಿಯಲ್ಲಿ ಒಬ್ಬ ಮದುಮಗ, ಈಗ ಎರಡು ಮಕ್ಕಳ ತಂದೆ, ನನ್ನ ಮುಖವನ್ನೇ ನೋಡಿ "ನಮ್ಮ ಮದುವ್ಯಾಗ ಬ್ಯಾಂಡ್ ಇತ್ತೇನ್ರಿ?" ಎಂದ. ಅವನ ಹೆಂಡತಿ ಒಳಗಿನಿಂದ ಬಂದು, "ಇತ್ತಲ್ರಿ, ನೀವು ಕುಣದು ಪಂಚೆ ಕಳಕೊಂಡಿದ್ರಿ" ಎಂದಳಂತೆ. ಸಂಘಮಿತ್ರಾ ಅದನ್ನು ನನಗೆ ಹೇಳುವಷ್ಟರಲ್ಲಿ ಅವಳಿಗೇ ನಗು ತಡೆಯಲಿಲ್ಲ. ನಾವು ಮತ್ತೆ ಮಾತಾಡತೊಡಗಿದ್ದೇವೆ. ಸೇಡಂ ಹತ್ತಿರದ ಮುಧೋಳದಲ್ಲಿ ಎರಡು ಆಲ್ಬಮ್ ನೋಡಿದೆವು, ಎರಡರಲ್ಲೂ ಬರೀ ಆಸಿಮನ ಬೆನ್ನು.

ಸೇಡಂನಲ್ಲಿ ಗುರುಲಿಂಗಮ್ಮ ಎಂಬ ತಾಯಿ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. "ಗೇಟಿನ್ಯಾಗ ಬಾರಿಸಿದಾಂವ ಅಲ್ಲೇನಪಾ ನೀ? ಬಾ, ಕುಂದ್ರು" ಎಂದರು. ನಿಮಗೆ ನೆನಪಿದೆಯೇ? ಹೋದ ವರ್ಷ ಮೊದಲ ಲಾಕ್‌ಡೌನಿಗೆ ಸ್ವಲ್ಪ ಮುಂಚೆ, ಅವರ ಮಗಳ ಮದುವೆ. ಮೆರವಣಿಗೆ ರೈಲ್ವೆ ಗೇಟಿನ ಮುಂದೆ ನಿಂತಿತ್ತು, ಸಿಮೆಂಟಿನ ಗೂಡ್ಸ್ ಮುಗಿಯಲೇ ಇಲ್ಲ. ನಿಮ್ಮ ಕ್ಲಾರನೆಟ್ಟಿನ ಬಾಯಿಗೆ ಹಿಡಿಯುವ ರೀಡ್ ಒಡೆದಿತ್ತು. ಎಲ್ಲರೂ ನಿಲ್ಲಿಸಿದರು. ಗಾಲಿಗಳ ಸದ್ದು ನನಗೆ ಕಿವಿಗಿಂತ ಕಾಲಿನಲ್ಲಿ ಕೇಳುತ್ತಿತ್ತು. ಅದರ ಜೊತೆ ನಾನೊಬ್ಬನೇ ಬಾರಿಸಿದೆ.

ಆ ಮದುವೆಯ ವಿಡಿಯೋ ಅವರ ಕೈಗೆ ಬಂದೇ ಇಲ್ಲವಂತೆ. ಲಾಕ್‌ಡೌನ್ ಬಿತ್ತು, ಅದು ಹಾಗೇ ಉಳಿಯಿತು. ತೆಗೆದವರು ಚಿತ್ತಾಪುರದ ಲಕ್ಷ್ಮಿಕಾಂತ. "ಹೋಗಿ ಕೇಳ್ರಿ, ನಾ ಹೇಳೀನಿ ಅನ್ರಿ" ಎಂದರು ತಾಯಿ. ಚಿತ್ತಾಪುರ ನಿಮಗೆ ಹತ್ತಿರ. ಹೋಗಿ ಬನ್ನಿರಿ.

ನಿಮ್ಮ,
ದೇವಿಂದ್ರಪ್ಪ


ವಾಡಿ
೫ ಆಗಸ್ಟ್ ೨೦೨೧

ದೇವಿಂದ್ರಪ್ಪನಿಗೆ ಸಲಾಂ, ಸಲಾಂ, ಇನ್ನೊಂದು ಸಲಾಂ.

ನಿನ್ನ ಪತ್ರ ಬಂದ ಮರುದಿನವೇ ಅತೀಯಾಳನ್ನು ಕರೆದುಕೊಂಡು ಚಿತ್ತಾಪುರಕ್ಕೆ ಹೋದೆ. ಲಕ್ಷ್ಮಿಕಾಂತ ಅಂಗಡಿಯನ್ನು ಅರ್ಧ ಮಾಡಿ ಕಿರಾಣಿ ಇಟ್ಟಿದ್ದಾನೆ. ಒಂದು ಕಡೆ ಬೇಳೆ, ಒಂದು ಕಡೆ ಕ್ಯಾಮೆರಾ. ಗುರುಲಿಂಗಮ್ಮನ ಹೆಸರು ಹೇಳಿದ್ದೇ ತಡ, "ಅದು ಎಡಿಟಿಂಗ್ ಆಗಿಲ್ರಿ, ಹಸೀ ಅದ" ಎಂದ. "ಹಸೀದೇ ಬೇಕು" ಎಂದೆ.

ಕಂಪ್ಯೂಟರ್ ಹಚ್ಚಿದ. ಗೇಟು ಬಂತು. ರೈಲು ಬಂತು. ಇವನಿಗೆ ಬೇರೇನೂ ತೆಗೆಯಲಿಕ್ಕೆ ಇರಲಿಲ್ಲವೇನೋ, ಮದುಮಗ ಕುದುರೆ ಇಳಿದು ನೀರು ಕುಡಿಯಲು ಹೋಗಿದ್ದ, ಕ್ಯಾಮೆರಾ ನಿನ್ನ ಮೇಲೆಯೇ ನಿಲ್ಲಿಸಿಬಿಟ್ಟಿದ್ದಾನೆ. ಕಣ್ಣು ಮುಚ್ಚಿದ್ದೀ. ಕೈಗಳು ಮಾತ್ರ ಓಡುತ್ತಿವೆ. ರೈಲಿನ ಡಬ್ಬಿ ದಾಟಿದ ಹಾಗೆ ನೀನೂ ತಾಳ ದಾಟಿಸುತ್ತೀ. ಗೂಡ್ಸ್ ಮುಗಿದು ಗಾರ್ಡಿನ ಡಬ್ಬಿ ಹೋದಾಗ ಒಂದು ಏಟು ಹಾಕಿ ನಿಲ್ಲಿಸಿದೆ. ಆ ಗಾರ್ಡ್ ನಿನ್ನ ಕಡೆ ಹಸಿರು ಬಾವುಟ ಬೀಸಿದ್ದಾನೆ, ದೇವಿಂದ್ರ! ಅದೂ ಬಂದಿದೆ. ನಿನ್ನ ಬಗಲಿಗೆ ಒಡೆದ ರೀಡ್ ಹಿಡಿದು ನಾನೂ, ಸಾಲಾಗಿ ಉಳಿದವರ ಮುಖಗಳೂ ಇವೆ. ಎಲ್ಲರ ವಾದ್ಯ ಕೈಯಲ್ಲೇ ಇದೆ. ಇಷ್ಟು ವರ್ಷ ನಿನ್ನ ಮುಂದೆ ನಿಂತು ಊದಿದವನು ನಾನು. ನೀನು ಬಾರಿಸುವಾಗ ನಿನ್ನ ಮುಖ ನೋಡಿದ್ದು ಅವತ್ತೇ ಮೊದಲು.

ಅದನ್ನು ಮೊಬೈಲಿಗೆ ಹಾಕಿಸಿಕೊಂಡು ಕಲಬುರಗಿಗೆ ಹೋದೆವು. ಸಾಹೇಬರು ಪೂರ್ತಿ ನೋಡಿದರು. ಇನ್ನೊಬ್ಬರನ್ನು ಕರೆದು ಅವರಿಗೂ ತೋರಿಸಿದರು. ಆಮೇಲೆ ತಲೆ ಕೆರೆದುಕೊಂಡು, "ಭಾಳ ಚಲೋ ಅದ ಮಾಸ್ತರ್. ಆದ್ರ ಪಟ್ಟಿಯಾಗ ಬ್ಯಾಂಡ್ ಇಲ್ಲ. ಈ ಡ್ರಮ್ಮಿನವ್ರದು ಹಲಗಿ ಅಂತ ಇದ್ದದ್ದು ಹಂಗೇ ಬಿಡ್ರಿ, ಈ ವಾರದಾಗೇ ಆಗ್ತದ" ಎಂದರು.

"ಬ್ಯಾಡ್ರಿ."

"ಯಾಕ್ರಿ? ರೊಕ್ಕ ಅಷ್ಟೇ ಅಲ್ಲೇನು?"

ನಾನು ಎರಡು ತಿಂಗಳ ಹಿಂದೆ ನಿನಗೆ ಹೇಳಿದ್ದೂ ಇದೇ ಮಾತು. ನಿನ್ನ ಮನೆಯ ಸಂಗತಿ ಅವರಿಗೆ ಹೇಳಲಿಲ್ಲ, ಅದು ನಿನ್ನದು. "ಸಾಹೇಬ್ರ, ಅಂವ ಬಾರಿಸೋದು ಸೈಡ್ ಡ್ರಮ್. ನೀವು ಕಣ್ಣಲೇ ನೋಡೀರಿ. ನೋಡಿದ್ದು ಬರೀರಿ" ಎಂದೆ. ಅತೀಯಾ ಪಟ್ಟಿಯ ತಳಕ್ಕೆ ಬೆರಳಿಟ್ಟು, "ಇಲ್ಲಿ 'ಇತರೆ' ಅಂತ ಅದ ಅಲ್ರಿ" ಎಂದಳು. ಸಾಹೇಬರು ನಕ್ಕು, ತಾವೇ ಕುಳಿತು ತಿದ್ದಿದರು. ಮೇಲಿನವರು ಒಪ್ಪಿದರೆ ಸರಿ, ಒಪ್ಪದಿದ್ದರೆ ನಾನೇ ಬೆಂಗಳೂರಿಗೆ ಬರೆಯುತ್ತೇನೆ ಎಂದರು. ಒಪ್ಪುತ್ತಾರೆ, ನೋಡುತ್ತಿರು.

ಬರುವ ರವಿವಾರ ನಾನೂ ರಶೀದಾಬೇಗಂಳೂ ನಿಮ್ಮ ಮನೆಗೆ ಬರುತ್ತೇವೆ. ಎದುರಿಗೆ ಕೂತು ಕೇಳುವುದೊಂದು ಬಾಕಿಯಿದೆ. ಆದರೆ ನಾನು ಕೂಗಿಯೇ ಕೇಳಬೇಕಾಗುತ್ತದೆ, ಊರಿಗೆಲ್ಲ ಗೊತ್ತಾಗುತ್ತದೆ. ಆಗಲಿ.

ಅಮೀರ್ ಅಲಿ


ಕೊಡ್ಲಿ ಅಂಚೆ
೨೦ ಅಕ್ಟೋಬರ್ ೨೦೨೧

ಅಮೀರ್ ಭಾಯಿಗೆ ಜೈಭೀಮ.

ಪರಿಹಾರ ಬಂತು. ಆಸಿಮನಿಗೂ ಉಳಿದವರಿಗೂ ಬಂದಿರಬೇಕು, ಹಾಗೆಂದು ಅತೀಯಾ ಮೆಸೇಜ್ ಹಾಕಿದ್ದಾಳಂತೆ. ದೊಡ್ಡ ಮೊತ್ತವಲ್ಲ. ಅನಸುಬಾಯಿಯ ಔಷಧ, ಸಂಘಮಿತ್ರಾಳ ಪರೀಕ್ಷೆಯ ಫೀಸು ಅದರಲ್ಲೇ ಆಯಿತು. ಅನಸುಬಾಯಿ ಈಗ ಕೊಡ ಹೊರುತ್ತೇನೆ ಎಂದು ಹಟ ಮಾಡುತ್ತಾಳೆ, ನಾವು ಬಿಡುತ್ತಿಲ್ಲ.

ದುಡ್ಡು ತೆಗೆಯಲಿಕ್ಕೆ ಹೋದ ದಿನ ನಡೆದದ್ದನ್ನು ನಿಮಗೆ ಬರೆಯಲೇಬೇಕು. ನಮ್ಮೂರಿನಲ್ಲಿ ಬ್ಯಾಂಕ್ ಇಲ್ಲ. ಬಸ್ಸಮ್ಮ ಎಂಬ ಹೆಣ್ಣುಮಗಳು ಪಂಚಾಯಿತಿ ಕಟ್ಟೆಯ ಮೇಲೆ ಬೆರಳೊತ್ತುವ ಮಷೀನ್ ಇಟ್ಟುಕೊಂಡು ಕೂಡುತ್ತಾಳೆ. ಬೆರಳೊತ್ತಿದೆ. ಅವಳು ದುಡ್ಡು ಎಣಿಸಿ ಕೊಡುತ್ತ, ನನಗೆ ಕೇಳಲಿ ಎಂದು ಜೋರಾಗಿಯೇ ಕೇಳಿದಳು: "ಮಾಮಾ, ಸರ್ಕಾರದಿಂದ ಬಂದದ. ಇದು ಯಾವುದರ ರೊಕ್ಕ?"

"ಬ್ಯಾಂಡಿಂದು. ನಾ ಸೈಡ್ ಡ್ರಮ್ ಬಾರಸ್ತೀನಿ" ಎಂದೆ.

ದೊಡ್ಡ ಮನೆಯವರು ಕಟ್ಟೆಯ ಆ ತುದಿಗೆ ಕುಳಿತಿದ್ದರು. ಹಲಗಿ ಇಟ್ಟುಕೊಂಡವರ ಮಗ, ನನ್ನ ವಯಸ್ಸಿನವರೇ. ಅವರು ಏನೋ ಹೇಳಿದರು. ಸಂಘಮಿತ್ರಾ ನನ್ನ ಕಿವಿಗೆ ಬಾಯಿಟ್ಟು ಅದನ್ನೇ ಹೇಳಿದಳು: "ದೀಪಾವಳಿ ಆದ ಮ್ಯಾಲ ನಮ್ಮ ಹುಡುಗನ ಮದುವಿ ಅದ. ನೀ ಬಂದು ಬಾರಸಿಬಿಡು ಅಂತಾರ."

ಕಟ್ಟೆಯ ಮೇಲೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ದುಡ್ಡು ಜೇಬಿಗಿಟ್ಟೆ. ಹತ್ತಿರ ಹೋಗಿ ನಿಂತು ಹೇಳಿದೆ: "ಬ್ಯಾಂಡ್ ಬೇಕಾದ್ರ ವಾಡಿಗೆ ಹೋಗಿ ಬುಕ್ ಮಾಡ್ರಿ. ಅಮೀರ್ ಅಲಿ ಮಾಸ್ತರ್ ಅಂತ ಕೇಳ್ರಿ, ಸ್ಟೇಷನ್ ರೋಡಿನ್ಯಾಗ ಯಾರಾದ್ರೂ ತೋರಸ್ತಾರ. ಅಡ್ವಾನ್ಸ್ ಕೊಡಬೇಕಾಗ್ತದ್ರಿ."

ಅವರು ಜೇಬಿನಿಂದ ಮೊಬೈಲ್ ತೆಗೆದು, "ಅವ್ರ ನಂಬರ್ ಹೇಳವಾ" ಎಂದು ಸಂಘಮಿತ್ರಾಳನ್ನು ಕೇಳಿದರು. ಅವಳು ಹೇಳಿದಳು, ಅವರು ಬರೆದುಕೊಂಡರು.

ಬರುವ ಸೋಮವಾರ ವಾಡಿಗೆ ಬರುತ್ತಾರಂತೆ. ಬಂದರೆ ಮರ್ಯಾದೆಯಿಂದ ಕೂರಿಸಿ ಚಹಾ ಕೊಡಿರಿ. ಎಲ್ಲರಿಗೆ ಹೇಳುವ ದರವನ್ನೇ ಹೇಳಿರಿ, ಒಂದು ರೂಪಾಯಿ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಅಡ್ವಾನ್ಸ್ ಕೈಗೆ ಬರುವವರೆಗೆ ತಾರೀಖು ಬರೆದುಕೊಳ್ಳಬೇಡಿರಿ.

ನಿಮ್ಮ,
ದೇವಿಂದ್ರಪ್ಪ